ಕಳೆದ ಹೆರಿಗೆ ಕಷ್ಟವಾಗಿದ್ದರೆ ಈ ಸಲ ಎಲ್ಲಿಗೆ?

ಕೇಳುಗರಿಗೆ ನಮಸ್ಕಾರ.

ಮೊದಲ ಹೆರಿಗೆಯಲ್ಲಿ ತೊಂದರೆ ಆದವರು ಮತ್ತೆ ಬಸುರಿಯಾದರೆ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಬರುವ ಮಾತು ಆಸ್ಪತ್ರೆಯದ್ದು. ಕಳೆದ ಸಲ ಹೋದಲ್ಲಿಗೆ ಈ ಸಲ ಬೇಡವೇ ಬೇಡ ಅನ್ನುತ್ತಾರೆ ಅತ್ತೆ. ಮಂಗಳೂರಿಗೇ ಹೋಗುವ ಅನ್ನುತ್ತಾನೆ ಗಂಡ. ತವರಿನವರಿಗೆ ತಮ್ಮ ಮನೆಗೆ ಹತ್ತಿರದ್ದೇ ಆಗಬೇಕು. ಕರ್ನಾಟಕದ ಗಡಿಗೆ ತಾಗಿದ ನಮ್ಮ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರ, ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಯಾವ ಕಡೆಗೆ ಹೋದರೂ ಈ ಚರ್ಚೆ ಹೆಚ್ಚುಕಮ್ಮಿ ಹೀಗೇ ನಡೆಯುತ್ತದೆ. ಆದರೆ ಆಸ್ಪತ್ರೆಯ ಹೆಸರಿನಿಂದ ಶುರು ಮಾಡಿದರೆ ಉತ್ತರ ಸಿಗುವುದಿಲ್ಲ. ಕಳೆದ ಸಲ ನಿಜವಾಗಿ ಆದದ್ದೇನು, ಅದೇ ಮತ್ತೆ ಬಂದರೆ ನಡುರಾತ್ರಿ ಎರಡು ಗಂಟೆಗೆ ಏನೇನು ತಯಾರಿರಬೇಕು, ಅದು ಎಲ್ಲಿ ಇದೆ, ಈ ಕ್ರಮದಲ್ಲಿ ಯೋಚಿಸಬೇಕು.

ಹಾಗಾಗಿ ಮೊದಲು ಹಳೆಯ ಕಾಗದ ಹುಡುಕಿ. "ಆಪರೇಷನ್ ಆಗಿತ್ತು", "ತುಂಬ ರಕ್ತ ಹೋಗಿತ್ತು" ಅಂದರೆ ವೈದ್ಯರಿಗೆ ಸಾಕಾಗುವುದಿಲ್ಲ. ಡಿಸ್ಚಾರ್ಜ್ ಸಮರಿಯಲ್ಲಿ ಎಲ್‌ಎಸ್‌ಸಿಎಸ್ ಎಂದಿದ್ದರೆ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಕೊಯ್ದು ಮಾಡಿದ ಸಿಸೇರಿಯನ್. ಪಿಪಿಎಚ್ ಎಂದಿದ್ದರೆ ಹೆರಿಗೆಯ ನಂತರದ ಅತಿಯಾದ ರಕ್ತಸ್ರಾವ. ಮಾಸು ತಾನಾಗಿ ಬೀಳದೆ ಕೈ ಹಾಕಿ ತೆಗೆದಿದ್ದರೆ ಅದೂ ಬರೆದಿರುತ್ತದೆ. ಎಷ್ಟು ಬಾಟಲಿ ರಕ್ತ ಕೊಟ್ಟರು, ಯಾವ ಕಾರಣಕ್ಕೆ ಕೊಯ್ದರು, ಮಗುವಿನ ತೂಕ ಎಷ್ಟಿತ್ತು, ಎಷ್ಟನೇ ವಾರದಲ್ಲಿ ಹುಟ್ಟಿತು, ಇವಿಷ್ಟು ಅದರಲ್ಲಿ ಸಿಗಬೇಕು. ಕಾಗದ ಕಳೆದುಹೋಗಿದ್ದರೆ ಹೆರಿಗೆಯ ತಾರೀಕು, ನೆನಪಿದ್ದರೆ ದಾಖಲಾದಾಗ ಕೊಟ್ಟ ಐಪಿ ನಂಬರು, ಒಂದು ಗುರುತಿನ ಚೀಟಿ ಹಿಡಿದು ಆ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಹೋಗಿ ಪ್ರತಿ ಕೇಳಿ. ಆ ಆಸ್ಪತ್ರೆಯ ಮೇಲೆ ಸಿಟ್ಟಿದ್ದರೂ ಹೋಗಿ. ಇದೆಲ್ಲ ಹನ್ನೆರಡನೇ ವಾರದೊಳಗೆ ಮುಗಿಯಬೇಕು. ಯಾಕೆ ಎಂದು ಮುಂದೆ ಗೊತ್ತಾಗುತ್ತದೆ.

ಸಿಸೇರಿಯನ್ ಆದವರಲ್ಲಿ ತುಂಬ ಮಂದಿಗೆ ಒಂದು ತಪ್ಪು ತಿಳಿವಳಿಕೆ ಇದೆ. ಹೊಟ್ಟೆಯ ಮೇಲಿನ ಹೊಲಿಗೆ ಅಡ್ಡಕ್ಕಿದೆ, ಹಾಗಾದರೆ ಒಳಗೂ ಅಡ್ಡಕ್ಕೇ ಇರಬೇಕು ಅಂದುಕೊಳ್ಳುತ್ತಾರೆ. ಚರ್ಮದ ಗಾಯ ನೋಡಿ ಗರ್ಭಕೋಶದ ಗಾಯ ಹೇಳಲು ಬರುವುದಿಲ್ಲ. ಒಳಗೆ ಮೇಲಿನಿಂದ ಉದ್ದಕ್ಕೆ ಕೊಯ್ದಿದ್ದರೆ ಬೇನೆ ಬರುವವರೆಗೆ ಕಾಯುವಂತೆಯೇ ಇಲ್ಲ, 36-37ನೇ ವಾರದಲ್ಲೇ ಆಪರೇಷನ್ ಮಾಡಿಬಿಡುತ್ತಾರೆ. ಕೆಳಭಾಗದಲ್ಲಿ ಅಡ್ಡ ಕೊಯ್ದ ಒಂದೇ ಸಿಸೇರಿಯನ್ ಆಗಿದ್ದು, ಈ ಸಲ ಮಗುವಿನ ತಲೆ ಕೆಳಗಿದ್ದರೆ ಸಹಜ ಹೆರಿಗೆಗೆ ಪ್ರಯತ್ನಿಸಬಹುದು. ಹಾಗೆ ಪ್ರಯತ್ನಿಸಿದ ನೂರರಲ್ಲಿ ಸುಮಾರು 72ರಿಂದ 75 ಮಂದಿಗೆ ಸಹಜ ಹೆರಿಗೆ ಆಗುತ್ತದೆ. ಅದಕ್ಕೆ ಮೊದಲು ಒಮ್ಮೆ ಸಹಜವಾಗಿ ಹೆತ್ತಿದ್ದರೆ ಇನ್ನೂ ಹೆಚ್ಚು, 85ರಿಂದ 90. ಎರಡು ಹೆರಿಗೆಗಳ ನಡುವೆ ಹದಿನೆಂಟು ತಿಂಗಳೂ ಇಲ್ಲದಿದ್ದರೆ ಬೇನೆಯಲ್ಲಿ ಗರ್ಭಕೋಶದ ಹಳೆಯ ಗಾಯ ಬಿರಿಯುವ ಭಯ ಜಾಸ್ತಿ.

ಒಟ್ಟಾರೆ ಹೀಗೆ ಪ್ರಯತ್ನಿಸಿದವರಲ್ಲಿ ಗಾಯ ಬಿರಿಯುವುದು ಸುಮಾರು ಇನ್ನೂರರಲ್ಲಿ ಒಬ್ಬಳಿಗೆ. ಚಿಕ್ಕದೇ. ಆದರೆ ಆ ಒಬ್ಬಳಿಗೆ ಆದಾಗ ನಿಮಿಷಗಳ ಲೆಕ್ಕ. ಹೆಚ್ಚಿನ ಸಲ ಮಗುವಿನ ಎದೆಬಡಿತ ಇಳಿಯುವುದೇ ಮೊದಲ ಸೂಚನೆ. ತಾಯಿಗೆ ಬೇನೆಯ ನಡುವೆಯೂ ನೋವು ಬಿಡದಿರಬಹುದು, ರಕ್ತ ಕಾಣಬಹುದು, ಏನೂ ಕಾಣದೆಯೂ ಇರಬಹುದು. ಆದ್ದರಿಂದ ಬೇನೆಯ ಉದ್ದಕ್ಕೂ ಮಗುವಿನ ಎದೆಬಡಿತ ದಾಖಲಿಸುವ ಸಿಟಿಜಿ ಯಂತ್ರ, ಅದನ್ನು ಓದಬಲ್ಲ ನರ್ಸ್, ಅರ್ಧ ಗಂಟೆಯೊಳಗೆ ಆಪರೇಷನ್ ಶುರು ಮಾಡುವ ತಂಡ, ಈ ಮೂರೂ ಇದ್ದಲ್ಲಿ ಮಾತ್ರ ಈ ಪ್ರಯತ್ನ. ಇಲ್ಲದ ಕಡೆ "ನೋಡುವ, ಸಹಜವಾಗಿ ಆಗಬಹುದು" ಅಂದರೆ ಒಪ್ಪಬೇಡಿ. ಬೇನೆ ಬರಿಸುವ ಮಾತ್ರೆ ಇಡುತ್ತೇವೆ ಅಂದರೆ ಯಾವ ಮಾತ್ರೆ ಎಂದು ಕೇಳಿ. ಸಿಸೇರಿಯನ್ ಆದ ಗರ್ಭಕೋಶಕ್ಕೆ ದಿನ ತುಂಬಿದ ಮೇಲೆ ಮಿಸೊಪ್ರೊಸ್ಟೋಲ್ ಕೊಟ್ಟು ಬೇನೆ ಬರಿಸಬಾರದು. ಆಪರೇಷನ್ನೇ ಬೇಕು ಅಂದುಕೊಂಡರೆ ಅದೂ ಸರಿಯೇ. ಬೇರೆ ತೊಂದರೆ ಇಲ್ಲದಿದ್ದರೆ 39ನೇ ವಾರಕ್ಕೆ ದಿನ ಇಡುತ್ತಾರೆ. ಒಳ್ಳೆಯ ನಕ್ಷತ್ರ ನೋಡಿ ಅದನ್ನು 37ಕ್ಕೆ ಎಳೆದರೆ ಉಸಿರಾಟಕ್ಕೆ ಒದ್ದಾಡುವುದು ಮಗು.

ಸಿಸೇರಿಯನ್ ಆದವರು ಇಪ್ಪತ್ತನೇ ವಾರದ ಸ್ಕ್ಯಾನಿನಲ್ಲಿ ಮಾಸು ಎಲ್ಲಿದೆ ಎಂದು ತಪ್ಪದೆ ಕೇಳಬೇಕು. ಕೆಳಗಿದ್ದರೆ 32ನೇ ವಾರಕ್ಕೆ ಮತ್ತೆ ನೋಡಿಸಬೇಕು. ತುಂಬ ಜನಕ್ಕೆ ಅಷ್ಟರಲ್ಲಿ ಅದು ಮೇಲೆ ಸರಿದಿರುತ್ತದೆ. ಸರಿಯದೆ ಗರ್ಭಕೋಶದ ಬಾಯಿಯನ್ನೇ ಮುಚ್ಚಿದ್ದರೆ, ಒಂದು ಸಿಸೇರಿಯನ್ ಆದವರಲ್ಲಿ ನೂರಕ್ಕೆ ಸುಮಾರು ಹನ್ನೊಂದು ಮಂದಿಗೆ ಮಾಸು ಹಳೆಯ ಗಾಯದೊಳಗೆ ಬೇರೂರಿರುತ್ತದೆ. ಅದನ್ನು ಕೀಳಲು ಹೋದರೆ ರಕ್ತ ನಿಲ್ಲುವುದಿಲ್ಲ, ಗರ್ಭಕೋಶವನ್ನೇ ತೆಗೆಯಬೇಕಾಗಿ ಬರಬಹುದು. ಇಂಥದ್ದು ತಾಲೂಕು ಆಸ್ಪತ್ರೆಯ ಕೆಲಸವಲ್ಲ. ಸ್ವಂತ ರಕ್ತನಿಧಿ, ಐಸಿಯು, ಮೂತ್ರಕೋಶದ ಸರ್ಜನ್ ಎಲ್ಲ ಇರುವ ದೊಡ್ಡ ಆಸ್ಪತ್ರೆ ಬೇಕು. ನಮ್ಮವರಿಗೆ ಅಂದರೆ ತೆಂಕಕ್ಕೆ ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜು, ಬಡಗಕ್ಕೆ ಮಂಗಳೂರು, ದೇರಳಕಟ್ಟೆಯ ದೊಡ್ಡ ಆಸ್ಪತ್ರೆಗಳು. ಅದೂ ಬೇನೆ ಬಂದ ಮೇಲಲ್ಲ, ಮೊದಲೇ ದಿನ ಗೊತ್ತುಮಾಡಿ ಹೋಗಬೇಕು.

ಇನ್ನು ರಕ್ತಸ್ರಾವ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಕೂಡಲೇ ಗರ್ಭಕೋಶ ಬಿಗಿದ ಮುಷ್ಟಿಯ ಹಾಗೆ ಕುಗ್ಗಿ ಆ ನಾಳಗಳನ್ನೆಲ್ಲ ಹಿಸುಕಿ ಮುಚ್ಚಬೇಕು. ಅದು ಮೆತ್ತಗೇ ಉಳಿದರೆ, ಅಥವಾ ಮಾಸಿನ ತುಂಡೊಂದು ಒಳಗೆ ಕೂತರೆ, ರಕ್ತ ಸುರಿಯುತ್ತದೆ. 500 ಎಂಎಲ್ ದಾಟಿದರೆ ಅತಿಸ್ರಾವ ಎಂದು ಲೆಕ್ಕ. ಬಟ್ಟೆ ನೋಡಿ ಅಂದಾಜು ಮಾಡಿದರೆ ಹೆಚ್ಚಾಗಿ ಕಡಿಮೆಯೇ ಹೇಳುತ್ತೇವೆ. ಅದಕ್ಕೇ ಈಗ ತಾಯಿಯ ಅಡಿಗೆ ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಚೀಲ ಹಾಕುವ ಕ್ರಮ ಬಂದಿದೆ. ಮಗು ಹುಟ್ಟಿದ ಒಂದು ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದು ಎಲ್ಲರಿಗೂ ಸಿಗಬೇಕಾದದ್ದು. ಸ್ರಾವ ಶುರುವಾದರೆ ಒಂದು ಗ್ರಾಂ ಟ್ರಾನೆಕ್ಸಾಮಿಕ್ ಆಸಿಡ್ ನರಕ್ಕೆ ಕೊಡುತ್ತಾರೆ. ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ ಅದರ ಪ್ರಯೋಜನ. ಇಷ್ಟನ್ನು ಚಿಕ್ಕ ಆಸ್ಪತ್ರೆಯೂ ಮಾಡೀತು. ಅದರಾಚೆಗೆ ಬೇಕಾದದ್ದು ರಕ್ತ.

ಇಲ್ಲಿ ರಕ್ತನಿಧಿ ಬೇರೆ, ರಕ್ತ ದಾಸ್ತಾನು ಘಟಕ ಬೇರೆ ಎಂಬುದು ಗೊತ್ತಿರಲಿ. ದಾಸ್ತಾನು ಘಟಕ ಅಂದರೆ ಬೇರೆ ರಕ್ತನಿಧಿಯಿಂದ ತಂದ ಕೆಲವೇ ಬಾಟಲಿ ಫ್ರಿಜ್‌ನಲ್ಲಿ ಇರುವ ಜಾಗ. ರಕ್ತ ತುಂಬ ಹೋಗಿ ಹೆಪ್ಪುಗಟ್ಟುವ ಶಕ್ತಿಯೇ ಕುಂದಿದಾಗ ಪ್ಲಾಸ್ಮಾ, ಪ್ಲೇಟ್‌ಲೆಟ್ ಬೇಕಾಗುತ್ತದೆ. ಅದು ಅಲ್ಲಿ ಹೆಚ್ಚಾಗಿ ಸಿಗದು. ಹೊಂದಾಣಿಕೆ ಪರೀಕ್ಷೆಗೇ ಸುಮಾರು ಮುಕ್ಕಾಲು ಗಂಟೆ ಹಿಡಿಯುತ್ತದೆ. ಆದ್ದರಿಂದ ಕಳೆದ ಸಲ ರಕ್ತ ಕೊಡಬೇಕಾಗಿ ಬಂದವರು ಈ ಸಲ ಬೇನೆ ಶುರುವಾಗಿ ಸೇರಿದ ಕೂಡಲೇ ಸ್ಯಾಂಪಲ್ ರಕ್ತನಿಧಿಗೆ ಹೋಯಿತೇ ಎಂದು ಕೇಳಬೇಕು. ಗುಂಪು ನೆಗೆಟಿವ್ ಆಗಿದ್ದರೆ ಅದೇ ಗುಂಪಿನ ಇಬ್ಬರು ದಾನಿಗಳ ನಂಬರು ಮನೆಯಲ್ಲಿರಲಿ. ನೆಗೆಟಿವ್ ಗುಂಪಿನ ತಾಯಿಗೆ 28ನೇ ವಾರದಲ್ಲಿ ಕೊಡುವ ಆಂಟಿ-ಡಿ ಚುಚ್ಚುಮದ್ದೂ ತಪ್ಪದಿರಲಿ. ಹಿಮೋಗ್ಲೋಬಿನ್ 11 ಇರುವವಳು ತಡೆದುಕೊಳ್ಳುವಷ್ಟೇ ರಕ್ತ ಹೋದರೂ 8 ಇರುವವಳ ಜೀವಕ್ಕೆ ಕುತ್ತು. ಕಬ್ಬಿಣದ ಮಾತ್ರೆಯನ್ನು ಚಾಯದ ಜೊತೆಗೂ ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಏಳನೇ ತಿಂಗಳಿಗೂ ಏರದಿದ್ದರೆ ನರಕ್ಕೆ ಕೊಡುವ ಕಬ್ಬಿಣದ ಬಗ್ಗೆ ಕೇಳಿ.

ಕಳೆದ ಸಲ ಬಿಪಿ ಏರಿ ನಂಜಾದವರಿಗೆ, ಅಂದರೆ ಪ್ರೀಎಕ್ಲಾಂಪ್ಸಿಯ ಬಂದವರಿಗೆ, ಹನ್ನೆರಡನೇ ವಾರದ ಮಾತು. ಕಡಿಮೆ ಡೋಸಿನ ಆಸ್ಪಿರಿನ್, ದಿನಕ್ಕೆ 75ರಿಂದ 150 ಮಿಲಿಗ್ರಾಂ, ಆಗಲೇ ಶುರು ಮಾಡಿದರೆ ಪ್ರಯೋಜನ. ಏಳನೇ ತಿಂಗಳಲ್ಲಿ ನೆನಪಾದರೆ ಇಲ್ಲ. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಮನೆಯಲ್ಲಿ ಬಿಪಿ 140/90 ಮುಟ್ಟಿದರೆ ಅದೇ ದಿನ ತೋರಿಸಿ. 160/110 ಆದರೆ, ಬಿಡದ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು ಬಂದರೆ ಆ ಕ್ಷಣವೇ ಹೊರಡಿ. ಹೆರಿಗೆ ಆದ ಮೂರರಿಂದ ಆರನೇ ದಿನದ ನಡುವೆ ಬಿಪಿ ಮತ್ತೆ ಏರುವುದುಂಟು, ಅಪಸ್ಮಾರ ಬರುವುದೂ ಉಂಟು. ನಾಲ್ಕನೇ ದಿನ ಬಾಣಂತಿ ಕೋಣೆ ಸೇರಿದ ಮೇಲೆ ಬಿಪಿ ಯಂತ್ರ ಅಟ್ಟಕ್ಕೆ ಹೋಗಬಾರದು.

ದಿನ ತುಂಬುವ ಮೊದಲೇ ಹೆತ್ತವರು ಆಸ್ಪತ್ರೆ ನೋಡುವುದಕ್ಕಿಂತ ಮಗುವಿನ ಘಟಕ ನೋಡಬೇಕು. ಎಷ್ಟನೇ ವಾರದ, ಎಷ್ಟು ತೂಕದ ಮಗುವನ್ನು ಅಲ್ಲೇ ಇಟ್ಟುಕೊಳ್ಳುತ್ತಾರೆ, ವೆಂಟಿಲೇಟರ್ ಇದೆಯೇ ಎಂದು ಕೇಳಿ. ಹುಟ್ಟಿದ ಮೇಲೆ ಒಂದೂವರೆ ಕಿಲೋದ ಕೂಸನ್ನು ಆಂಬುಲೆನ್ಸಿನಲ್ಲಿ ಕೊಂಡುಹೋಗುವುದಕ್ಕಿಂತ ಅದು ಹೊಟ್ಟೆಯಲ್ಲಿರುವಾಗಲೇ ತಾಯಿಯನ್ನು ಸಾಗಿಸುವುದು ಎಷ್ಟೋ ಮೇಲು. ಸಕ್ಕರೆ ಇದ್ದು ದೊಡ್ಡ ಮಗುವಿನ ಭುಜ ಸಿಕ್ಕಿಕೊಂಡಿದ್ದವರು 75 ಗ್ರಾಂ ಗ್ಲುಕೋಸ್ ಪರೀಕ್ಷೆಯನ್ನು ಮೊದಲ ಭೇಟಿಯಲ್ಲೇ ಮಾಡಿಸಿ. ಎರಡು ಗಂಟೆಯ ನಂತರ ರಕ್ತದ ಸಕ್ಕರೆ 140 ಮುಟ್ಟಬಾರದು. ಸರಿಯಿದ್ದರೆ 24-28ನೇ ವಾರದಲ್ಲಿ ಮತ್ತೊಮ್ಮೆ ಮಾಡಿಸಿ.

ಎಲ್ಲರೂ ದೂರಕ್ಕೆ ಓಡಬೇಕೆಂದಿಲ್ಲ. ಕಳೆದ ಸಲ ಮಗು ಅಡ್ಡ ಇತ್ತು, ಹೊಕ್ಕುಳಬಳ್ಳಿ ಮುಂದೆ ಜಾರಿತು, ಇಂಥವು ಸಾಮಾನ್ಯವಾಗಿ ಮರುಕಳಿಸುವುದಿಲ್ಲ. ಉಳಿಯುವುದು ಸಿಸೇರಿಯನ್ನಿನ ಗಾಯ ಮಾತ್ರ. ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾಸ್ಪತ್ರೆಯಂಥ ಕಡೆ ಮೊದಲು ವಿಚಾರಿಸಿ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಮದ್ದು, ರಕ್ತ ಎಲ್ಲ ಉಚಿತ. ಗಡಿ ದಾಟಿ ಖಾಸಗಿ ಆಸ್ಪತ್ರೆಗೆ ಹೋಗುವವರು ಇಲ್ಲಿಯ ವಿಮೆ ಕಾರ್ಡ್ ಅಲ್ಲಿ ನಡೆಯುತ್ತದೋ ಎಂದು ಬಿಲ್ಲಿಂಗ್ ಕೌಂಟರಿನಲ್ಲೇ ಕೇಳಿ, ಪರಿಚಯದವರ ಮಾತು ನಂಬಿ ಹೊರಡಬೇಡಿ.

ವಿಚಾರಿಸುವಾಗ "ಎಲ್ಲ ವ್ಯವಸ್ಥೆ ಉಂಟಾ?" ಎಂದರೆ "ಉಂಟು" ಎಂದೇ ಉತ್ತರ ಬರುತ್ತದೆ. ಅರಿವಳಿಕೆ ವೈದ್ಯರು ಭಾನುವಾರ ರಾತ್ರಿ ಆಸ್ಪತ್ರೆಯಲ್ಲೇ ಇರುತ್ತಾರಾ, ಕರೆದರೆ ಬರುವವರಾ, ಬರಲು ಎಷ್ಟು ಹೊತ್ತು? ರಕ್ತ ಎಲ್ಲಿಂದ ತರಿಸುತ್ತೀರಿ? ನಿಮ್ಮಲ್ಲಿ ಆಗದಿದ್ದರೆ ಎಲ್ಲಿಗೆ ಕಳಿಸುತ್ತೀರಿ? ಹೀಗೆ ಕೇಳಿ. ಕೊನೆಯ ಪ್ರಶ್ನೆಗೆ "ಮಂಗಳೂರಿಗೆ" ಎಂದು ಥಟ್ಟನೆ ಉತ್ತರ ಬಂದರೆ, ನಿಮ್ಮಂಥವರನ್ನು ಅವರು ಸಾಮಾನ್ಯವಾಗಿ ಅಲ್ಲಿಗೇ ಕಳಿಸುತ್ತಾರೆ ಎಂದಾಯಿತು. ಹಾಗಾದರೆ ಮೊದಲೇ ಅಲ್ಲಿ ಹೆಸರು ಬರೆಸುವುದು ಲೇಸು.

ಇನ್ನು ದಾರಿ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು. ದೇಲಂಪಾಡಿ, ಬಂದಡ್ಕದ ಒಳಗಿನವರಿಗೆ ಹೆದ್ದಾರಿ ಮುಟ್ಟುವುದೇ ಒಂದು ಪ್ರಯಾಣ. ಎರಡನೇ ಹೆರಿಗೆ ಸಾಮಾನ್ಯವಾಗಿ ಮೊದಲಿನದಕ್ಕಿಂತ ಬೇಗ ಆಗುತ್ತದೆ, ಹಾಗಾಗಿ ಕಳೆದ ಸಲದ ಗಂಟೆಗಳ ಲೆಕ್ಕ ಹಿಡಿದು ಕೂರಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮರ ಬಿದ್ದು ರಸ್ತೆ ಮುಚ್ಚುವುದು ನಮ್ಮಲ್ಲಿ ಹೊಸತಲ್ಲ. 37ನೇ ವಾರದಿಂದ ಆಸ್ಪತ್ರೆಗೆ ಅರ್ಧ ಗಂಟೆಯ ಒಳಗಿನ ನೆಂಟರ ಮನೆಯಲ್ಲಿ ಇರುವುದು ಒಳ್ಳೆಯದು. ಅದು ತವರು ಆಗಿರಬೇಕಾಗಿಲ್ಲ, ಭಾವನ ಮನೆಯಾದರೂ ಸರಿ.

ಗಡಿಯ ಕೆಲವು ಕಡೆ ಮೊಬೈಲ್ ಆಚೆಯ ರಾಜ್ಯದ ಟವರ್ ಹಿಡಿಯುತ್ತದೆ. 108ಕ್ಕೆ ಕರೆದರೆ ಆಚೆಯ ಕಂಟ್ರೋಲ್ ರೂಮಿಗೆ ಹೋಗಬಹುದು. ಊರು, ಪಂಚಾಯತು, ಜಿಲ್ಲೆ ಮೊದಲು ಹೇಳಿ. 108 ಸಾಮಾನ್ಯವಾಗಿ ಹತ್ತಿರದ ಸರಕಾರಿ ಆಸ್ಪತ್ರೆಗೆ ಒಯ್ಯುತ್ತದೆ, ನೀವು ಆರಿಸಿದಲ್ಲಿಗೇ ಅಂತಿಲ್ಲ. ರಾತ್ರಿ ಕರೆದರೆ ಏಳುವ ಇಬ್ಬರು ಜೀಪಿನವರ ನಂಬರು ಗೋಡೆಯ ಮೇಲೆ ಇರಲಿ. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಗಡಿಯ ತಲಪಾಡಿಯಲ್ಲಿ ಮಂಗಳೂರಿನ ರಸ್ತೆ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಮಂಗಳೂರನ್ನೇ ನಂಬಿದ್ದವರಿಗೆ ಆಗ ಎರಡನೇ ದಾರಿ ಇರಲಿಲ್ಲ. ಆದ್ದರಿಂದ ಗಡಿಯ ಈಚೆ ಒಂದು ಆಸ್ಪತ್ರೆಯಲ್ಲೂ ಒಮ್ಮೆ ತೋರಿಸಿ ಚೀಟಿ ಮಾಡಿಸಿಟ್ಟುಕೊಳ್ಳಿ.

ಹೊರಡುವ ಚೀಲದಲ್ಲಿ ತಾಯಿ ಕಾರ್ಡ್, ಹಳೆಯ ಡಿಸ್ಚಾರ್ಜ್ ಸಮರಿ, ಸ್ಕ್ಯಾನ್ ವರದಿ, ರಕ್ತದ ಗುಂಪು ಮೇಲಿರಲಿ. ನಮ್ಮಲ್ಲಿ ತುಂಬ ಹೆಂಗಸರಿಗೆ ಮನೆಯಲ್ಲಿ ತುಳುವೋ ಕನ್ನಡವೋ, ಹೆರಿಗೆ ಕೋಣೆಯ ನರ್ಸಿಗೆ ಮಲಯಾಳ. ಬೇನೆಯ ನಡುವೆ ಭಾಷೆ ಹುಡುಕಿ ಮಾತಾಡಲು ಆಗುವುದಿಲ್ಲ. ಹಾಗಾಗಿ ಕಳೆದ ಸಲ ಆದದ್ದನ್ನು ಎರಡು ಸಾಲಿನಲ್ಲಿ, ಆಶಾ ಕಾರ್ಯಕರ್ತೆಯಿಂದ ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಬರೆಸಿ ತಾಯಿ ಕಾರ್ಡಿನ ಮೊದಲ ಪುಟಕ್ಕೆ ಅಂಟಿಸಿ. "ಕಳೆದ ಹೆರಿಗೆಯಲ್ಲಿ ಮಾಸು ಕೈಯಿಂದ ತೆಗೆದಿದ್ದಾರೆ, ಎರಡು ಬಾಟಲಿ ರಕ್ತ ಕೊಟ್ಟಿದ್ದಾರೆ" ಎಂಬಷ್ಟು ಸಾಕು. ಜೊತೆಗೆ ಹೋದವರು ಕಾರ್ಡ್ ಕೊಡುವಾಗ ಆ ಪುಟವನ್ನೇ ತೆರೆದು ಕೊಡಲಿ.

ನಮಸ್ಕಾರ.