ಅಪ್ಪನಿಗೆ ಎರಡು ಸಲ ಕೇಳಿದ ಒಂದೇ ಪ್ರಶ್ನೆ

ನಮಸ್ಕಾರ. ಈಗ ನಿಮಗೆ ಕಾಣುತ್ತಿರುವುದು ಸನಿವೇಲ್‌ನ ನಮ್ಮ ಮನೆಯ ಊಟದ ಮೇಜು. ಅದರ ಮೇಲೆ ಹರಡಿರುವುದು 2024ರ ನನ್ನ ಮತಪತ್ರ. ಅಕ್ಟೋಬರ್‌ನಲ್ಲಿ ಅಂಚೆಯಲ್ಲಿ ಬಂದಿತ್ತು. ಕ್ಯಾಲಿಫೋರ್ನಿಯಾದಲ್ಲಿ ಈಗ ಎಲ್ಲ ಮತದಾರರಿಗೂ ಹೀಗೆ ಮನೆಗೇ ಕಳಿಸುತ್ತಾರೆ. ಪೌರತ್ವ ಸಿಕ್ಕ ಮೇಲೆ ನನ್ನ ಮೊದಲ ಓಟು ಇದು.

ಅಧ್ಯಕ್ಷ ಯಾರಾಗಬೇಕು ಅನ್ನುವುದು ಇದರಲ್ಲಿ ಒಂದೇ ಒಂದು ಸಾಲು. ಮಿಕ್ಕ ಜಾಗವನ್ನೆಲ್ಲ ತುಂಬಿರುವುದು ಬೇರೆ ಚುನಾವಣೆಗಳು ಮತ್ತು ಪ್ರಾಪೊಸಿಷನ್‌ಗಳು. ಆ ವರ್ಷ ರಾಜ್ಯಕ್ಕೆಲ್ಲ ಸೇರಿದ ಪ್ರಾಪೊಸಿಷನ್‌ಗಳೇ 10. ಅಂದರೆ ಕಾನೂನನ್ನೇ ಜನರ ಮುಂದಿಟ್ಟು ಬೇಕಾ ಬೇಡವಾ ಅಂತ ಕೇಳುವುದು. 1911ರಿಂದ ಇಲ್ಲಿ ಈ ಪದ್ಧತಿ ಇದೆ. ಶಾಸನಸಭೆಯೂ ಕಳಿಸಬಹುದು, ಜನರೇ ಸಹಿ ಸಂಗ್ರಹಿಸಿಯೂ ತರಬಹುದು. 2024ರಲ್ಲಿ ಹೊಸ ಕಾನೂನಿಗೆ 5,46,651 ಸಹಿ ಬೇಕಿತ್ತು. ರಾಜ್ಯದ ಸಂವಿಧಾನವನ್ನೇ ತಿದ್ದಬೇಕಾದರೆ 8,74,641.

ಸೆಪ್ಟೆಂಬರ್‌ನಲ್ಲಿ ನನ್ನ ಫೋನಿಗೆ ಒಂದು ಮೆಸೇಜ್ ಬಂತು. ಸಮೀಕ್ಷೆ, ಐದು ನಿಮಿಷ ಸಾಕು ಅಂತ. ಮಗಳನ್ನು ಕರೆದುಕೊಂಡು ಬರಲು ಶಾಲೆಯ ಹೊರಗೆ ಕಾರಿನಲ್ಲಿ ಕೂತಿದ್ದೆ. ಒಂದೊಂದೇ ಪ್ರಶ್ನೆಗೆ ಒತ್ತುತ್ತಾ ಹೋದೆ. ಅದರಲ್ಲಿ ಒಂದು ಪ್ರಾಪ್ 6, ಅಂದರೆ ಆರನೇ ನಂಬರಿನ ಪ್ರಾಪೊಸಿಷನ್. ಜೈಲಿನ ವಿಷಯ ಅಂತ ಅರ್ಥವಾಯಿತು, ಮಿಕ್ಕಿದ್ದು ಸರಿಯಾಗಿ ತಲೆಗೆ ಹೋಗಲಿಲ್ಲ. 'ಇಲ್ಲ' ಒತ್ತಿದೆ. ಗಂಟೆ ಹೊಡೆಯಿತು, ಮಗಳು ಬಂದಳು, ಹೊರಟೆವು. ಓದದೇ ಒತ್ತಿದ ಆ ಉತ್ತರವೂ ಯಾರದೋ ಶೇಕಡಾ ಲೆಕ್ಕದಲ್ಲಿ ಸೇರಿಕೊಂಡಿತಲ್ಲ ಅನ್ನುವುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಅಭ್ಯರ್ಥಿಗಳ ಸಮೀಕ್ಷೆಯಲ್ಲಿ ಜನರಿಗೆ ಹಿಡಿದುಕೊಳ್ಳಲು ಏನೋ ಒಂದು ಇರುತ್ತದೆ. ಹೆಸರು, ಪಕ್ಷ, ಮುಖ. ಪ್ರಾಪೊಸಿಷನ್‌ಗೆ ಅದ್ಯಾವುದೂ ಇಲ್ಲ. ಒಂದು ನಂಬರು, ಕೆಳಗೆ ನಾಲ್ಕು ಸಾಲು. ಎಷ್ಟೋ ಜನ ಆ ವಿಷಯವನ್ನು ಮೊದಲ ಸಲ ಕೇಳುವುದೇ ಸಮೀಕ್ಷೆಯವರ ಬಾಯಿಂದ. ಹಾಗಾಗಿ ಆ ನಾಲ್ಕು ಸಾಲು ಹೇಗೆ ಬರೆದಿದ್ದಾರೆ ಅನ್ನುವುದರ ಮೇಲೆಯೇ ಉತ್ತರ ನಿಲ್ಲುತ್ತದೆ.

2012ರ ಪ್ರಾಪ್ 37 ನೋಡಿ. ಕುಲಾಂತರಿ ಬೆಳೆಯಿಂದ ಮಾಡಿದ ತಿನಿಸಿನ ಪೊಟ್ಟಣದ ಮೇಲೆ ಹಾಗಂತ ಬರೆಯಬೇಕು ಅನ್ನುವ ಪ್ರಸ್ತಾಪ. ಏನು ತಿನ್ನುತ್ತೇವೆ ಅಂತ ತಿಳಿದುಕೊಳ್ಳುವುದಕ್ಕೆ ಯಾರು ಬೇಡ ಅಂತಾರೆ? ಸೆಪ್ಟೆಂಬರ್ ಸಮೀಕ್ಷೆಯಲ್ಲಿ ನೂರಕ್ಕೆ 60ಕ್ಕಿಂತ ಜಾಸ್ತಿ ಜನ ಹೂಂ ಅಂದಿದ್ದರು. ಆಮೇಲೆ ಟಿವಿಯಲ್ಲಿ ಜಾಹೀರಾತು ಶುರುವಾಯಿತು. ದಿನಸಿ ಬೆಲೆ ಏರುತ್ತದೆ, ಕೋರ್ಟು ಕಚೇರಿ ಕಾಟ ಹೆಚ್ಚುತ್ತದೆ ಅಂತ. ವಿರೋಧಿಸಿದ ಕಂಪನಿಗಳು ಸುರಿದದ್ದು ಸುಮಾರು ನಾಲ್ಕೂವರೆ ಕೋಟಿ ಡಾಲರ್. ಕೊನೆಗೆ 51.4 ಶೇಕಡಾ ಜನ ಬೇಡ ಅಂದರು. ಸೆಪ್ಟೆಂಬರ್‌ನಲ್ಲಿ ಹೂಂ ಅಂದವರು ಸುಳ್ಳು ಹೇಳಿದ್ದರು ಅಂತ ನನಗೆ ಅನಿಸುವುದಿಲ್ಲ. ಆಗ ಅವರು ಒಂದೇ ಕಡೆಯ ಮಾತು ಕೇಳಿದ್ದರು, ಅಷ್ಟೇ.

ಎಲ್ಲವೂ ಹೀಗೆ ಜಾರುವುದಿಲ್ಲ. 2024ರಲ್ಲೇ ಪ್ರಾಪ್ 36 ಇತ್ತು, ಕೆಲವು ಕಳ್ಳತನ ಮತ್ತು ಡ್ರಗ್ಸ್ ಕೇಸುಗಳಿಗೆ ಶಿಕ್ಷೆ ಜಾಸ್ತಿ ಮಾಡುವುದು. ಅಂಗಡಿಯಲ್ಲಿ ಶಾಂಪೂ ಬಾಟಲಿಗೂ ಬೀಗ ಹಾಕಿದ್ದನ್ನು ಜನ ಕಣ್ಣಾರೆ ಕಂಡಿದ್ದರು. ಸಮೀಕ್ಷೆಗಳು ಮೊದಲಿಂದ ಗೆಲ್ಲುತ್ತದೆ ಅಂದವು, ಗೆದ್ದಿತು. 68 ಶೇಕಡಾ.

ಈಗ ಪ್ರಾಪ್ 6ಕ್ಕೆ ಬರುತ್ತೇನೆ. ಈ ವಿಡಿಯೋ ಮಾಡಿದ್ದೇ ಅದಕ್ಕೆ.

ಮತಪತ್ರ ತುಂಬಲು ಕೂತ ಸಂಜೆ ತಿಪಟೂರಿನಿಂದ ಅಪ್ಪನ ಫೋನ್ ಬಂತು. ಅಲ್ಲಿ ಬೆಳಗ್ಗೆ. ಅಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದವರು, ರಿಟೈರ್ ಆಗಿ ಬಹಳ ವರ್ಷ ಆಯಿತು. ಏನು ಮಾಡ್ತಿದ್ದೀಯ ಪುಟ್ಟಿ ಅಂದರು. ಹೇಳಿದೆ. ಹಾಗೇ ಮಾತಿಗೆ ಕೇಳಿದೆ.

"ಅಪ್ಪ, ಜೈಲಲ್ಲಿರೋ ಕೈದಿಗಳಿಂದ ಕಡ್ಡಾಯವಾಗಿ ಕೆಲಸ ಮಾಡಿಸಬಾರದು ಅಂತ ಒಂದು ಪ್ರಸ್ತಾಪ ಇದೆ. ನೀವಾದ್ರೆ ಏನಂತೀರಿ?"

"ಮಾಡಿಸಲಿ ಬಿಡು. ತಪ್ಪು ಮಾಡಿ ಹೋದವರು. ಸುಮ್ನೆ ಕೂರಿಸಿ ಊಟ ಹಾಕಕ್ಕಾಗುತ್ತಾ?"

ಸರಿ ಅಂದೆ. ಊರಿನ ವಿಷಯ, ತೆಂಗಿನಕಾಯಿ ರೇಟು, ಅಮ್ಮನ ಮಂಡಿನೋವು ಎಲ್ಲ ಆಯಿತು. ಹತ್ತು ನಿಮಿಷ ಆಗಿರಬಹುದು. ಅಷ್ಟರಲ್ಲಿ ನನ್ನ ಕಣ್ಣು ಮತ್ತೆ ಮತಪತ್ರದ ಸಾಲಿನ ಮೇಲೆ ಬಿತ್ತು. ಅಲ್ಲಿದ್ದ ಪದ 'ಇನ್ವಾಲಂಟರಿ ಸರ್ವಿಟ್ಯೂಡ್'. ಇದಕ್ಕೆ ಕನ್ನಡದಲ್ಲಿ ಏನಂತಾರೆ ಅಂತ ಯೋಚಿಸಿದೆ. ಹೊಳೆದದ್ದು ಒಂದೇ ಪದ.

"ಅಪ್ಪ, ಜೈಲಲ್ಲಿ ಜೀತ ಇರಬಹುದಾ?"

"ಜೀತಾನಾ?" ಧ್ವನಿಯೇ ಬದಲಾಯಿತು. "ಎಲ್ಲೂ ಇರಬಾರದು. ಇಂದಿರಾ ಗಾಂಧಿ ಕಾಲದಲ್ಲೇ ಕಾನೂನು ಬರಲಿಲ್ವಾ?"

1976ರ ಕಾನೂನು ಅವರಿಗೆ ಪುಸ್ತಕದ ವಿಷಯವಲ್ಲ. ಅವರ ಜೊತೆ ಮೂರನೇ ಕ್ಲಾಸಿನವರೆಗೆ ಓದಿದ ಹುಡುಗನೊಬ್ಬ ಸ್ಕೂಲು ಬಿಟ್ಟು ಸಾಲದ ಲೆಕ್ಕಕ್ಕೆ ಒಬ್ಬರ ಮನೆಯಲ್ಲಿ ದನ ಕಾಯಲು ನಿಂತಿದ್ದನ್ನು ನಮಗೆ ಚಿಕ್ಕಂದಿನಿಂದ ಹೇಳುತ್ತಿದ್ದರು.

ಅದೇ ಅಪ್ಪ. ಅದೇ ವಿಷಯ. ನಡುವೆ ಹತ್ತು ನಿಮಿಷ. ನಾನು ಸಮೀಕ್ಷೆ ಮಾಡುವವಳಾಗಿದ್ದರೆ ಮೊದಲ ಪ್ರಶ್ನೆಗೆ ಒಂದು ಕಡೆ ಗುರುತು ಹಾಕುತ್ತಿದ್ದೆ, ಎರಡನೆಯದಕ್ಕೆ ಇನ್ನೊಂದು ಕಡೆ. ಎರಡೂ ಅಪ್ಪನ ಪ್ರಾಮಾಣಿಕ ಉತ್ತರವೇ. ಮತ್ತೆ, ಎರಡನೇ ಸಲ ನಾನು ಸರಿಯಾಗಿ ಕೇಳಿದೆ ಅಂತಲೂ ಅಲ್ಲ. ಜೀತ ಅಂದ ಕೂಡಲೇ ಅವರ ಮುಂದೆ ಆ ಹುಡುಗ ಬಂದು ನಿಂತ. ಕ್ಯಾಲಿಫೋರ್ನಿಯಾದ ಜೈಲು ಎರಡು ಸಲವೂ ಅವರಿಗೆ ಕಾಣಲೇ ಇಲ್ಲ.

ಇಲ್ಲಿನ ದೊಡ್ಡ ಸಮೀಕ್ಷಾ ಸಂಸ್ಥೆ ಪಿಪಿಐಸಿ ಪ್ರಾಪ್ 6 ಬಗ್ಗೆ ಸೆಪ್ಟೆಂಬರ್‌ನಲ್ಲೇ ಕೇಳಿತ್ತು: 46 ಶೇಕಡಾ ಪರ, 50 ಶೇಕಡಾ ವಿರೋಧ. ಪರ, ವಿರೋಧ ಎರಡೂ ವಾದಗಳನ್ನು ಅಚ್ಚು ಹಾಕುವ ಮತದಾರರ ಕೈಪಿಡಿಯಲ್ಲಿ ಈ ಪ್ರಸ್ತಾಪದ ವಿರುದ್ಧ ಯಾರೂ ಒಂದು ಸಾಲನ್ನೂ ಬರೆದು ಕೊಟ್ಟಿರಲಿಲ್ಲ. ಆದರೂ ನವೆಂಬರ್‌ನಲ್ಲಿ ಸುಮಾರು 53 ಶೇಕಡಾ ಜನ ಬೇಡ ಅಂದರು, ಸೋತಿತು. ಸಮೀಕ್ಷೆ ತಪ್ಪಲಿಲ್ಲ. ಆದರೆ ಅದೇ ದಿನ ಪಕ್ಕದ ನೆವಾಡದಲ್ಲಿ ಇಂಥದ್ದೇ ಪ್ರಶ್ನೆ ಇತ್ತು. ಅಲ್ಲಿನ ಮತಪತ್ರದಲ್ಲಿ 'ಗುಲಾಮಗಿರಿ' ಅನ್ನುವ ಪದವೂ ಇತ್ತು. ಅಲ್ಲಿ ಸುಮಾರು 60 ಶೇಕಡಾ ಬೆಂಬಲದಿಂದ ಗೆದ್ದಿತು. ಎರಡು ರಾಜ್ಯಗಳ ಜನ, ಜೈಲು, ಪ್ರಚಾರ ಎಲ್ಲ ಬೇರೆ ಬೇರೆ, ನಿಜ. ಆದರೂ ಅಪ್ಪನ ಜೊತೆ ಮಾತಾಡಿದ ಮೇಲೆ ಆ ಒಂದು ಪದವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ಅವತ್ತಿನಿಂದ ಯಾವ ಸಮೀಕ್ಷೆ ಬಂದರೂ ಮೊದಲು ಕೆಳಗೆ ಹೋಗಿ ಪ್ರಶ್ನೆಯನ್ನು ಹುಡುಕುತ್ತೇನೆ. ಮತಪತ್ರದ ಸಾಲನ್ನೇ ಓದಿ ಹೇಳಿದರಾ, ತಾವೇ ಬಿಡಿಸಿ ಹೇಳಿದರಾ? 'ಇನ್ನೂ ಗೊತ್ತಿಲ್ಲ' ಅಂದವರು ಎಷ್ಟು ಜನ? ಖರ್ಚು ಕೊಟ್ಟು ಮಾಡಿಸಿದ್ದು ಯಾರು? ನಮ್ಮ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಬರೀ ಶೇಕಡಾ ಹಾಕಿದವರಿಗೂ ಇದನ್ನೇ ಕೇಳುತ್ತೇನೆ.

ಮರುದಿನ ಅಪ್ಪ ತಾವಾಗಿಯೇ ಫೋನ್ ಮಾಡಿದರು. ಹಲೋ ಕೂಡ ಅನ್ನಲಿಲ್ಲ.

"ಪುಟ್ಟಿ, ಅವರಿಗೆ ಕೂಲಿ ಎಷ್ಟು ಕೊಡ್ತಾರೆ?"

ನಾನು ಹುಡುಕಿ ಹೇಳಿದೆ. ಹೆಚ್ಚಿನ ಕೆಲಸಕ್ಕೆಲ್ಲ ಗಂಟೆಗೆ ಒಂದು ಡಾಲರ್ ಕೂಡ ಇಲ್ಲ ಅಪ್ಪ, 16 ಸೆಂಟ್‌ನಿಂದ 74 ಸೆಂಟ್. ಒಲ್ಲೆ ಅಂದರೆ ಶಿಕ್ಷೆ.

ಆ ಕಡೆಯಿಂದ ಮಾತಿಲ್ಲ. ಹಿಂದೆ ಅಮ್ಮನ ಕುಕ್ಕರ್ ಕೂಗುತ್ತಿತ್ತು. "ಹಾಗಾದ್ರೆ ಇನ್ನೊಂದು ಸಲ ಮೊದಲಿಂದ ಓದು, ಕೇಳ್ತೀನಿ" ಅಂದರು. ನಾನು ಆ ಸಾಲನ್ನು ನಿಧಾನವಾಗಿ, ಕನ್ನಡದಲ್ಲಿ ಅರ್ಥ ಹೇಳುತ್ತಾ ಪೂರ್ತಿ ಓದಿದೆ. ಆಮೇಲೆ ಪೆನ್ನು ತೆಗೆದುಕೊಂಡೆ.