ಓಕಿಟೋ ಎಂಬ ಅಂಗಡಿಯವರು

ಕೇಳುಗರಿಗೆಲ್ಲ ನಮಸ್ಕಾರ.

ಮೊದಲು ಒಂದು ಸದ್ದು ಕೇಳಿಸ್ಕೊಳ್ಳಿ. (ಡಬ್ಬಿಯ ಮುಚ್ಚಳ ಹಾಕುವ ಸದ್ದು) ಕೇಳಿಸ್ತಲ್ವಾ? ನನ್ನ ಕೈಯಲ್ಲಿ ಒಂದು ಹಿತ್ತಾಳೆ ಡಬ್ಬಿ ಇದೆ. ಮನೆಯ ಕುಂಕುಮದ ಭರಣಿಯಷ್ಟು ಪುಟ್ಟದು. ಒಳಗೆ ಒಂದು ದೊಡ್ಡ ನಾಣ್ಯ ಸರಿಯಾಗಿ ಕೂರುತ್ತದೆ. ಮುಚ್ಚಳ ಹಾಕಿ ಅಂಗೈ ಮೇಲೆ ಇಟ್ಟುಕೊಂಡು, ಇನ್ನೊಂದು ಕೈಯಿಂದ ಮೆಲ್ಲಗೆ ತಟ್ಟಿದರೆ ಸಾಕು. ನಾಣ್ಯ ಡಬ್ಬಿಯನ್ನೂ ದಾಟಿ, ಅಂಗೈಯನ್ನೂ ದಾಟಿ ಮೇಜಿನ ಮೇಲೆ ಠಣ್ ಅಂತ ಬೀಳುತ್ತದೆ. ಮುಚ್ಚಳ ತೆಗೆದು ನೋಡಿದರೆ ಡಬ್ಬಿ ಖಾಲಿ.

ಇದನ್ನು ಪ್ರಪಂಚದ ಜಾದೂಗಾರರೆಲ್ಲ ಓಕಿಟೋ ಡಬ್ಬಿ ಎನ್ನುತ್ತಾರೆ. ಇದನ್ನು ಕಂಡುಹಿಡಿದ ಓಕಿಟೋ ವೇದಿಕೆಯ ಮೇಲೆ ಮಹಾ ಜಾದೂಗಾರರು. ವೇದಿಕೆ ಇಳಿದರೆ ಜಾದೂ ಸಾಮಾನಿನ ಅಂಗಡಿಯವರು.

ನನಗೂ ಒಂದು ಪುಟ್ಟ ಅಂಗಡಿ ಇದೆ. ಅಲ್ಲಿಗೆ ಬರುವವರೆಲ್ಲ ಕೇಳುವುದು ಒಂದೇ ಮಾತು: 'ಇದರ ಗುಟ್ಟೇನು ಸಾರ್?' ದುಡ್ಡು ಕೊಟ್ಟರೆ ಗುಟ್ಟು ಕೊಡುತ್ತೇನೆ. ಆದರೆ ಗುಟ್ಟು ಅಂಗಡಿಯಲ್ಲಿ ಸಿಗುತ್ತದೆ, ಜಾದೂ ಸಿಗುವುದಿಲ್ಲ. ಇವತ್ತು ನಾನು ಹೇಳಬೇಕಾಗಿರುವುದು ಇದೊಂದೇ.

ಕಳೆದ ಬೇಸಿಗೆ ರಜೆಯಲ್ಲಿ ಎಂಟನೇ ಕ್ಲಾಸಿನ ಹುಡುಗನೊಬ್ಬ ಈ ಡಬ್ಬಿ ಕೊಂಡ. ಎರಡೇ ದಿನಕ್ಕೆ ಅಪ್ಪನ ಜೊತೆ ವಾಪಸ್ ಬಂದ. 'ಅಂಕಲ್, ಇದು ಕೆಲಸ ಮಾಡ್ತಿಲ್ಲ, ತಂಗಿ ಕಂಡುಹಿಡಿದುಬಿಟ್ಟಳು' ಅಂದ. ಎಷ್ಟು ಸಲ ಮಾಡಿ ನೋಡಿದೆ ಮರಿ, ಅಂದೆ. ನಾಲ್ಕು ಸಲವಂತೆ. ನಾನು ಇದೇ ಡಬ್ಬಿ ಹಿಡಿದು ಮೂರು ತಿಂಗಳು ಕನ್ನಡಿ ಮುಂದೆ ನಿಂತಿದ್ದೆ. ಆಮೇಲೇ ಮನೆಯವರಿಗೆ ತೋರಿಸಿದ್ದು. ಡಬ್ಬಿ ಕೆಲಸ ಮಾಡುವುದಿಲ್ಲ ಸ್ವಾಮಿ, ಕೈ ಮಾಡಬೇಕು!

ಇರಲಿ, ಓಕಿಟೋ ಅವರ ವಿಷಯಕ್ಕೆ ಬರೋಣ. ಅವರ ನಿಜವಾದ ಹೆಸರು ಥಿಯೋ ಬ್ಯಾಂಬರ್ಗ್. ಹುಟ್ಟಿದ್ದು 1875ರಲ್ಲಿ, ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ನಮ್ಮಲ್ಲಿ ಯಕ್ಷಗಾನದ ಮನೆತನ, ನಾದಸ್ವರದ ಮನೆತನ ಇರುವ ಹಾಗೆ ಅವರದು ಜಾದೂ ಮನೆತನ. ತಂದೆಯಿಂದ ಮಗನಿಗೆ, ಹೀಗೆ ಆರು ತಲೆಮಾರು. ಅವರ ಹಿರಿಯರಲ್ಲಿ ಎಲಿಯಾಸರ್ ಅಂತ ಒಬ್ಬರಿದ್ದರು. ಅವರ ಒಂದು ಕಾಲು ಮರದ್ದು. ಆ ಮರದ ಕಾಲಿನೊಳಗೇ ಜಾದೂ ಸಾಮಾನು ಬಚ್ಚಿಡುತ್ತಿದ್ದರಂತೆ. ಕುಂಟ ಭೂತ ಎಂದೇ ಜನ ಅವರನ್ನು ಕರೆಯುತ್ತಿದ್ದರು.

ಇಂಥ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ಗುಟ್ಟುಗಳಿಗೇನು ಬರ? ಅಡುಗೆಮನೆಯ ಡಬ್ಬಿಗಳ ಹಾಗೆ ಕೈಗೆಟುಕುವಲ್ಲೇ ಇದ್ದವು. ಆದರೆ 18ರ ಹರೆಯದಲ್ಲಿ, ಈಜುವಾಗ ಆದ ಒಂದು ಅವಘಡದಲ್ಲಿ, ಕಿವಿ ಹೋಯಿತು.

ಯೋಚನೆ ಮಾಡಿ. ಜಾದೂಗಾರ ಅಂದರೆ ಮಾತಿನ ಮಲ್ಲ. ಬಲಗೈಯತ್ತ ನೋಡಿ ಅಂತ ಮಾತಿನಲ್ಲಿ ಎಳೆದುಕೊಂಡು ಹೋಗಿ, ಎಡಗೈಯಲ್ಲಿ ಕೆಲಸ ಮುಗಿಸುತ್ತಾನೆ. ಜನ ನಕ್ಕಾಗ ನಿಲ್ಲಿಸಬೇಕು, ಸುಮ್ಮನಾದಾಗ ಮುಂದುವರಿಸಬೇಕು. ಜನರ ನಗುವೇ ಕೇಳಿಸದಿದ್ದರೆ?

ಆ ಹುಡುಗ ಮಾತನ್ನೇ ಬಿಟ್ಟುಬಿಟ್ಟ. ಬಾಯಿ ಬಿಡದೆ ಮಾಡುವ ಆಟ ಕಟ್ಟಿದ. ಜಪಾನಿ ವೇಷ ಹಾಕಿದರೆ ಯೂರೋಪಿನ ಜನ ಇವನಿಂದ ಮಾತು ಬಯಸುವುದಿಲ್ಲ ಅಂತ ಲೆಕ್ಕ ಹಾಕಿದ. ಹೆಸರು ಬೇಕಲ್ಲ? ಟೋಕಿಯೋ ಊರಿನ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿಕೊಂಡ. ನೀವೂ ಒಂದು ಸಲ ಬಾಯಲ್ಲಿ ಹೇಳಿ ನೋಡಿ: ಟೋ-ಕಿ-ಓ. ಓ-ಕಿ-ಟೋ. ಆಮೇಲೆ ಚೀನೀ ವೇಷಕ್ಕೆ ಬದಲಾದರು, ಹೆಸರು ಮಾತ್ರ ಅದೇ ಉಳಿಯಿತು. ಕಿವಿ ಮಾಡಬೇಕಾದ ಕೆಲಸವನ್ನೆಲ್ಲ ಕಣ್ಣಿಗೆ, ಬೆರಳಿಗೆ, ಹೆಜ್ಜೆಗೆ ಹಂಚಿಕೊಟ್ಟರು. ಇದನ್ನು ಯಾವ ಅಂಗಡಿಯಲ್ಲಿ ಕೊಳ್ಳುತ್ತೀರಿ ಹೇಳಿ?

ಕಳೆದ ಶತಮಾನದ ಶುರುವಿನಲ್ಲಿ ಅಮೆರಿಕಕ್ಕೆ ಹೋದರು. ಥರ್ಸ್ಟನ್ ಎಂಬ ದೊಡ್ಡ ಜಾದೂಗಾರರ ತಂಡದಲ್ಲಿ ಕೈನೆರಳಿನ ಆಟ ತೋರಿಸಿದರು. ಬರೀ ಹತ್ತು ಬೆರಳು, ಒಂದು ದೀಪ, ಒಂದು ಪರದೆ. ನ್ಯೂಯಾರ್ಕಿನಲ್ಲಿ ಅಂಗಡಿಯನ್ನೂ ತೆರೆದರು. ಅವರು ತಂದು ಮಾರುವ ವ್ಯಾಪಾರಿ ಮಾತ್ರ ಆಗಿರಲಿಲ್ಲ, ಸ್ವತಃ ಮಾಡುವ ಕಸುಬಿನವರು. ಮರ ಕೆತ್ತುವುದು, ತಗಡು ಬಗ್ಗಿಸುವುದು, ಬಣ್ಣ ಬಳಿಯುವುದು, ಚಿನ್ನದ ಬಣ್ಣದಲ್ಲಿ ಚಿತ್ತಾರ ಬರೆಯುವುದು, ಎಲ್ಲವೂ ಅವರ ಕೈಯಲ್ಲೇ. ಅವರು ಮಾಡಿದ ಪೆಟ್ಟಿಗೆಗಳಿಗೆ ಇವತ್ತೂ ಸಂಗ್ರಹಕಾರರು ಮುಗಿಬೀಳುತ್ತಾರೆ. ನಮ್ಮ ಡಬ್ಬಿ ಹುಟ್ಟಿದ್ದೂ ಆ ಕಾಲದಲ್ಲೇ. ಔಷಧಿ ಅಂಗಡಿಯವರು ಗುಳಿಗೆ ಹಾಕಿಕೊಡುತ್ತಿದ್ದ ರಟ್ಟಿನ ಡಬ್ಬಿಯನ್ನು ಸುಮ್ನೆ ಕೈಯಲ್ಲಿ ಆಡಿಸುತ್ತಾ ಇದ್ದಾಗ ಹೊಳೆದದ್ದಂತೆ. ಗುಳಿಗೆ ಡಬ್ಬಿ ಆ ಊರಿನ ಎಲ್ಲರ ಮನೆಯಲ್ಲೂ ಇತ್ತಲ್ವಾ?

ನನಗೆ ತುಂಬಾ ಇಷ್ಟವಾದದ್ದು ತೇಲುವ ಚೆಂಡಿನ ಕಥೆ. ಅಮೆರಿಕದ ಓಮಹಾ ಊರಿನಲ್ಲಿ ಡೇವಿಡ್ ಅಬಟ್ ಅಂತ ಒಬ್ಬರಿದ್ದರು. ಸಾಲ ಕೊಡುವುದು ಅವರ ವ್ಯವಹಾರ, ಜಾದೂ ಅವರ ಹುಚ್ಚು. ಮನೆಯಲ್ಲೇ, ಕರೆದ ನೆಂಟರಿಷ್ಟರ ಮುಂದೆ ಗಾಳಿಯಲ್ಲಿ ಚೆಂಡು ತೇಲಿಸುತ್ತಿದ್ದರು. ಓಕಿಟೋ ಅವರಿಗೆ ಆ ಗುಟ್ಟು ಸಿಕ್ಕಿದ್ದು ಅಬಟ್ ಅವರಿಂದಲೇ. ಅಂದರೆ ಇಬ್ಬರ ಹತ್ತಿರವೂ ಇದ್ದದ್ದು ಒಂದೇ ಗುಟ್ಟು. ಓಕಿಟೋ ಅದನ್ನು ಮನೆಯ ಹಾಲ್‌ನಿಂದ ದೊಡ್ಡ ರಂಗಮಂದಿರಕ್ಕೆ ತಂದರು. ಚೆಂಡು ಪೆಟ್ಟಿಗೆಯಿಂದ ಏಳುತ್ತದೆ. ಅವರ ಕೈ ಕರೆದ ಕಡೆ ಬರುತ್ತದೆ, ದೂಡಿದರೆ ದೂರ ಹೋಗುತ್ತದೆ, ಸಾಕಿದ ಹಕ್ಕಿಯ ಹಾಗೆ. ಒಂದು ಬಳೆಯೊಳಗೆ ಅದನ್ನು ತೂರಿಸಿ ತೋರಿಸುತ್ತಾರೆ. ಒಂದು ಮಾತಿಲ್ಲ. ಅಂಥ ಚೆಂಡಿನಾಟ ಇನ್ನೊಬ್ಬರಿಂದ ಆಗಲಿಲ್ಲ ಅಂತ ಬಲ್ಲವರು ಇವತ್ತೂ ಹೇಳುತ್ತಾರೆ. ಗುಟ್ಟು ಸಿಗುತ್ತದೆ, ಜಾದೂ ಸಿಗುವುದಿಲ್ಲ ಅಂದೆನಲ್ಲ, ಇದಕ್ಕೇ!

ಸ್ಟುಡಿಯೋ ಗಾಜಿನಾಚೆಯಿಂದ ಕೈ ಸನ್ನೆ ಬಂತು, ಹೊತ್ತು ಕಮ್ಮಿ ಇದೆ. ಕೋಳ, ಸರಪಳಿಗಳಿಂದ ಬಿಡಿಸಿಕೊಳ್ಳುವ ಆಟಕ್ಕೆ ಹೆಸರಾದ ಜಾದೂಗಾರ ಹೌದಿನಿ ಅವರ ಬಗ್ಗೆಯೂ ಹೇಳಬೇಕು ಅಂತಿದ್ದೆ. ಬೇಗ ಹೇಳಿಬಿಡುತ್ತೇನೆ. ನ್ಯೂಯಾರ್ಕಿನಲ್ಲಿ 1877ರಿಂದ ಮಾರ್ಟಿಂಕಾ ಅಂತ ಜಾದೂ ಅಂಗಡಿ ಇತ್ತು. ಅದರ ಹಿಂದಿನ ಕೋಣೆಯಲ್ಲೇ 1902ರಲ್ಲಿ ಅಮೆರಿಕದ ಜಾದೂಗಾರರ ಸಂಘ ಹುಟ್ಟಿತು. 1919ರಲ್ಲಿ ಆ ಅಂಗಡಿಯನ್ನೇ ಹೌದಿನಿ ಕೊಂಡುಕೊಂಡರು. ಜಾದೂ ಅಂಗಡಿ ಅಂದರೆ ಬರೀ ಗಲ್ಲಾಪೆಟ್ಟಿಗೆ ಅಂದುಕೊಳ್ಳಬೇಡಿ. ಅದು ಗರಡಿಮನೆ.

ಓಕಿಟೋ 1963ರಲ್ಲಿ ಶಿಕಾಗೋದಲ್ಲಿ ತೀರಿಕೊಂಡರು. ಅವರ ಮಗ ಡೇವಿಡ್, ಫೂ ಮಾಂಚು ಅನ್ನುವ ಹೆಸರಿನಲ್ಲಿ ದಕ್ಷಿಣ ಅಮೆರಿಕವನ್ನೆಲ್ಲ ಬೆರಗುಗೊಳಿಸಿದವರು. ವೇದಿಕೆ ಬಿಟ್ಟ ಮೇಲೆ ಅವರೂ ಬ್ಯೂನಸ್ ಐರಿಸ್‌ನಲ್ಲಿ ಜಾದೂ ಅಂಗಡಿ ಇಟ್ಟು ಕೂತರು. 1974ರಲ್ಲಿ ಅವರು ಹೋದರು, ಆರು ತಲೆಮಾರಿನ ಜಾದೂ ಅಲ್ಲಿಗೆ ನಿಂತಿತು.

ಮಕ್ಕಳಿಗೊಂದು ಮಾತು. ಇವತ್ತು ರಾತ್ರಿ ಊಟ ಆದ ಮೇಲೆ ಒಂದು ನಾಣ್ಯ ತಗೊಂಡು ಕನ್ನಡಿ ಮುಂದೆ ನಿಲ್ಲಿ. ಮೊದಲು ಬಲಗೈಯಿಂದ ಎಡಗೈಗೆ ನಿಜವಾಗಿ ಹಾಕಿ. ನಿಮ್ಮ ಕಣ್ಣು ಆಗ ಎಲ್ಲಿ ನೋಡುತ್ತದೆ, ಎಡಗೈ ಹೇಗೆ ಮುಚ್ಚಿಕೊಳ್ಳುತ್ತದೆ, ಗಮನಿಸಿ. ನೂರು ಸಲ ಹಾಗೆ ಮಾಡಿ. ಆಮೇಲೆ ನಾಣ್ಯವನ್ನು ಬಲಗೈಯಲ್ಲೇ ಉಳಿಸಿಕೊಂಡು, ಹಾಕಿದ ಹಾಗೆ ಮಾತ್ರ ಮಾಡಿ. ಕಣ್ಣು ಆಗಲೂ ಎಡಗೈಯನ್ನೇ ನೋಡಬೇಕು. ಒಂದು ವಾರ ಯಾರಿಗೂ ತೋರಿಸಬೇಡಿ. ತಂಗಿಗಂತೂ ಬೇಡವೇ ಬೇಡ.

ಕೇಳಿದ್ದಕ್ಕೆ ಧನ್ಯವಾದ. ನಮಸ್ಕಾರ.