ಹೆಚ್ಚು ಜನರಿಗೆ ಲಾಭವಾದರೆ ಸರಿಯೇ? ಬೆಂಥಮ್‌ನ ತಕ್ಕಡಿ ಮತ್ತು ಶರಾವತಿ

ದೃಶ್ಯ: ಶರಾವತಿ ಹಿನ್ನೀರು. ಬೇಸಿಗೆಯಲ್ಲಿ ನೀರಿಳಿದು ಮೇಲೆ ಕಾಣುವ ಒಣಮರದ ಬೊಡ್ಡೆಗಳು.

ನಿರೂಪಣೆ: ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಶರಾವತಿಯ ಕರೆಂಟಿನಿಂದ ರಾಜ್ಯದ ಕಾರ್ಖಾನೆಗಳು ನಡೆದವು, ಊರೂರಿನಲ್ಲಿ ದೀಪ ಹತ್ತಿತು. ಇತ್ತ ಸಾಗರ, ಹೊಸನಗರದ ಕಡೆ ಗದ್ದೆ, ಅಡಿಕೆ ತೋಟ, ಮನೆ, ಗುಡಿಗಳು ನೀರಿನಡಿಗೆ ಹೋದವು. ಸರಿಯೋ ತಪ್ಪೋ?

"ಸಾವಿರಾರು ಜನರಿಗೆ ನಷ್ಟ, ಲಕ್ಷಾಂತರ ಜನರಿಗೆ ಲಾಭ, ಹಾಗಾಗಿ ಸರಿ" ಎನ್ನುವವರು, ಗೊತ್ತಿದ್ದೋ ಗೊತ್ತಿಲ್ಲದೆಯೋ, ಉಪಯುಕ್ತತಾವಾದದ ಮಾತಾಡುತ್ತಾರೆ. ಆದರೆ ಅರ್ಧ ಮಾತ್ರ ಆಡುತ್ತಾರೆ ಎಂಬುದು ನನ್ನ ತಕರಾರು.

ದೃಶ್ಯ: ಜೆರೆಮಿ ಬೆಂಥಮ್‌ನ ಚಿತ್ರ. ತೆರೆಯ ಮೇಲೆ: 1748–1832.

ನಿರೂಪಣೆ: ಉಪಯುಕ್ತತಾವಾದಕ್ಕೆ ರೂಪ ಕೊಟ್ಟ ಲಂಡನ್ನಿನ ತತ್ತ್ವಜ್ಞಾನಿ ಬೆಂಥಮ್ ಹೇಳಿದ್ದಿಷ್ಟು: ಒಂದು ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಅದರ ಫಲ ನೋಡಿ ತೀರ್ಮಾನಿಸಿ. ಅದರಿಂದಾದ ಸುಖ, ನೋವು ಎರಡನ್ನೂ ತಕ್ಕಡಿಗೆ ಹಾಕಿ. ದೊರೆಯ ನೋವಿಗೂ ಕೂಲಿಯವನ ನೋವಿಗೂ ಒಂದೇ ತೂಕ. ಪ್ರಾಣಿಗಳನ್ನೂ ಅವನು ಹೊರಗಿಡಲಿಲ್ಲ. ಅವಕ್ಕೆ ಬುದ್ಧಿ ಇದೆಯೇ ಎಂದಲ್ಲ, ನೋವಾಗುತ್ತದೆಯೇ ಎಂದು ಕೇಳಿ ಎಂದ. ಹದಿನೆಂಟನೆಯ ಶತಮಾನಕ್ಕೆ ಇದು ಸಣ್ಣ ಮಾತಲ್ಲ.

ತೂಗುವುದಕ್ಕೆ ಅವನು ಕೊಟ್ಟ ಅಂಶಗಳು ಏಳು. ಸುಖದುಃಖ ಎಷ್ಟು ತೀವ್ರ, ಎಷ್ಟು ಕಾಲದ್ದು, ಎಷ್ಟು ಖಚಿತ, ಹೀಗೆ. ಎಷ್ಟು ಜನರಿಗೆ ಎಂಬುದು ಆ ಏಳರಲ್ಲಿ ಒಂದು, ಅಷ್ಟೇ. ನಾವು ಮಾತ್ರ ಅದೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡೆವು. (ಆಕಾಶವಾಣಿಯ 'ಬಹುಜನ ಹಿತಾಯ, ಬಹುಜನ ಸುಖಾಯ' ಬೆಂಥಮ್‌ಗಿಂತ ಎಷ್ಟೋ ಹಳೆಯ ಬೌದ್ಧರ ಮಾತು. ಅದರ ಕಥೆ ಬೇರೆ.)

ದೃಶ್ಯ: ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 2001, ಅದರ ಪಕ್ಕದಲ್ಲಿ 2000.

ನಿರೂಪಣೆ: ಬೆಂಥಮ್‌ನ ಹೆಸರಿನೊಂದಿಗೆ ಅಂಟಿಕೊಂಡ ಸೂತ್ರ 'ಅತಿ ಹೆಚ್ಚು ಜನರ ಅತಿ ಹೆಚ್ಚು ಸುಖ'. ಅದರಲ್ಲಿನ 'ಅತಿ ಹೆಚ್ಚು ಜನರ' ಎಂಬ ಪದಗಳು ಮುಪ್ಪಿನಲ್ಲಿ ಬೆಂಥಮ್‌ನಿಗೇ ಇರಿಸುಮುರಿಸು ತಂದವು. 4001 ಜನರ ಸಮಾಜದಲ್ಲಿ 2001 ಮಂದಿ ಸೇರಿ ಉಳಿದ 2000 ಮಂದಿಯನ್ನು ಗುಲಾಮರಾಗಿ ಮಾಡಿಕೊಂಡರೆ? ಬಹುಮತವೇನೋ ಇದೆ, ಒಟ್ಟು ಸುಖ ಕುಸಿದಿದೆ. ಆ ಪದಗಳನ್ನು ಅವನು ಕೈಬಿಟ್ಟ. ಮುಂದೆ ಇದೇ ವಾದದ ಇನ್ನೊಬ್ಬ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್, ಸುಖಗಳಲ್ಲೂ ಮೇಲುಕೀಳಿದೆ ಎಂದು ವಾದವನ್ನು ಬೇರೆ ದಿಕ್ಕಿಗೆ ಒಯ್ದ. ಅದಕ್ಕೆ ಇನ್ನೊಂದು ವಿಡಿಯೋ ಬೇಕು.

ದೃಶ್ಯ: ಹಳೆಯ ಲಾಂಚ್. ಅದರ ಮೇಲೆ ಒಂದು ಬಸ್, ನಾಲ್ಕೈದು ಬೈಕು, ಮಡಿಲಲ್ಲಿ ಚೀಲ ಇಟ್ಟುಕೊಂಡ ಅಜ್ಜಿ.

ನಿರೂಪಣೆ: ಶರಾವತಿಯ ಲೆಕ್ಕಕ್ಕೆ 'ಎಷ್ಟು ಕಾಲ' ಎಂಬ ಅಂಶವನ್ನೂ ಹಾಕಿ ನೋಡಿ. ಹಿನ್ನೀರಿನಾಚೆಯ ತುಮರಿ ಕಡೆಯವರು ಸಾಗರದ ಪೇಟೆಗೆ ಹೋಗಬೇಕೆಂದರೆ ಲಾಂಚ್ ಬರುವ ತನಕ ದಡದಲ್ಲಿ ಕಾಯಬೇಕಿತ್ತು. ಅಲ್ಲಿ ಸೇತುವೆ ಆದದ್ದು 2025ರಲ್ಲಿ. ಮುಳುಗಡೆ ಸಂತ್ರಸ್ತರ ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಇನ್ನೂ ಕಚೇರಿ ಅಲೆಯುತ್ತಿದ್ದಾರೆ.